ಹೊಳೆಯ ಕೊನೆಯ ಮಗ್ಗುಲು

ಅವ್ವನ ಮಂಡಿನೋವಿನ ಮಾತನ್ನು ನಾನಾಗಿಯೇ ಎತ್ತಿದೆನೋ, ಬೋರಲಿಂಗ ಕೇಳಿದ್ದಕ್ಕೆ ಹೇಳಿದೆನೋ? ಇಷ್ಟು ವರ್ಷಗಳಾದರೂ ಇದೊಂದು ತೀರ್ಮಾನವಾಗಿಲ್ಲ. ಒಣಸೇತುವೆಯ ಅಂಚಿನಲ್ಲಿ ನಾವಿಬ್ಬರೂ ಕಾಲು ಇಳಿಬಿಟ್ಟು ಕೂತಿದ್ದೆವು. ಕೆಳಗೆ ಕಮಾನಿನ ನೆರಳಲ್ಲಿ ಯಾರದೋ ಮೇಕೆಗಳು ಮಲಗಿದ್ದವು. ಬೀಡಿ ಹಚ್ಚಲು ಅವನು ಗಾಳಿಗೆ ಬೆನ್ನು ಕೊಟ್ಟಿದ್ದ. ಇಷ್ಟೆಲ್ಲ ನೆನಪಿದೆ. ಅದಾದ ಮೇಲೆ ಮೊದಲು ಬಾಯಿಬಿಟ್ಟವರು ಯಾರು ಎಂಬಲ್ಲಿಗೆ ಬಂದಾಗ ಮಾತ್ರ ಎರಡು ದನಿಗಳೂ ಕಲಸಿಹೋಗುತ್ತವೆ. ಕೆಲವು ದಿನ, ಅವನೇ ಕೇಳಿದ ಎನಿಸುತ್ತದೆ. ಅವ್ವ ಹೇಗಿದ್ದಾಳೆ ಎಂದು ನೆರೆಮನೆಯವನು ಕೇಳುವುದು ಸಹಜ ತಾನೆ. ಇನ್ನು ಕೆಲವು ದಿನ, ಸುಮ್ಮನಿರು, ಮಾತು ತೆಗೆದವನು ನೀನೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವ್ವನಿಗೆ ಮಂಡಿ ನೋಯುತ್ತಿದ್ದುದು ನಿಜ. ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಅವಳು ಮೂರು ಕಡೆ ಕೂತು ಏಳುತ್ತಿದ್ದುದೂ ನಿಜ. ನಾನು ಅಂದು ಆಡಿದ ಮಾತುಗಳಲ್ಲಿ ಒಂದಾದರೂ ಸುಳ್ಳಿದ್ದಿದ್ದರೆ ಇವತ್ತು ಇಷ್ಟು ಯೋಚಿಸಬೇಕಾಗಿರಲಿಲ್ಲ.

ನಮ್ಮೂರಿನಲ್ಲಿ ಹೊಳೆ ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತಿತ್ತು. ಊರು ಇದ್ದದ್ದು ದಿನ್ನೆಯ ಮೇಲೆ. ಕೆಳಗೆ ಎರಡು ಗುಡ್ಡಗಳ ನಡುವೆ ಹಾಸಿದ್ದ ಬಯಲೆಲ್ಲ ಹೊಳೆಯದು. ಮಳೆಗಾಲ ಮುಗಿದು ನೀರಿನ ಕೆಂಪು ತಿಳಿಯಾಗುವ ದಿನಗಳಲ್ಲಿ ಒಂದು ಬೆಳಗ್ಗೆ ಅದರ ಸದ್ದು ನಿಲ್ಲುತ್ತಿತ್ತು. ಬಯಲಿನಲ್ಲಿದ್ದ ನಾಯಿಗಳು ಬಾಲ ಮಡಚಿಕೊಂಡು ದಿನ್ನೆ ಹತ್ತುತ್ತಿದ್ದವು. ಹೆಂಗಸರು ಬುತ್ತಿ ಕಟ್ಟಿಕೊಂಡು, ಕೂಸುಗಳನ್ನು ಎತ್ತಿಕೊಂಡು ದಿನ್ನೆಯ ಅಂಚಿಗೆ ಬಂದು ಕೂರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹೊಳೆ ಇದ್ದ ಜಾಗದಿಂದ ಎದ್ದು, ಬಯಲನ್ನು ದಾಟಿ, ತನಗೆ ಬೇಕಾದ ಕಡೆ ಹೋಗಿ ಮಲಗಿಕೊಳ್ಳುತ್ತಿತ್ತು. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತಿನ ಕೆಲಸ. ಎದ್ದುಹೋದ ಜಾಗದಲ್ಲಿ ಮೊಣಕಾಲುದ್ದ ಕಪ್ಪು ಮಣ್ಣು, ಅದರ ಮೇಲೆ ಒದ್ದಾಡುವ ಮೀನು. ಎರಡು ದಿನ ಊರಿನ ಎಲ್ಲ ಮನೆಗಳಲ್ಲೂ ಒಂದೇ ಸಾರು, ಒಂದೇ ವಾಸನೆ.

ಹಾಗಾಗಿ ಬಯಲಿನಲ್ಲಿ ಯಾರೂ ಗಿಡ ನೆಡುತ್ತಿರಲಿಲ್ಲ. ಜೋಳ, ಅವರೆ, ಸೌತೆ, ಕುಂಬಳ, ಒಂದು ವರ್ಷದೊಳಗೆ ಬೆಳೆದು ಮುಗಿಯುವಂಥದ್ದು ಏನಿದೆಯೋ ಅಷ್ಟೇ. ಬೇಲಿ ಎಂಬುದನ್ನು ನಾನು ಮೊದಲು ನೋಡಿದ್ದು ಶಾಲೆಯ ಪುಸ್ತಕದ ಚಿತ್ರದಲ್ಲಿ. ಮೇಷ್ಟರೇ ಅದನ್ನು ಏಣಿ ಎಂದುಕೊಂಡಿದ್ದರು. 'ನನ್ನ ಹೊಲ' ಎಂದು ಯಾರೂ ಅನ್ನುತ್ತಿರಲಿಲ್ಲ, 'ಈ ಸಲದ ಹೊಲ' ಎನ್ನುತ್ತಿದ್ದರು. ಜಗಳಗಳೂ ಹಾಗೆಯೇ. ಹೊಳೆ ಮಗ್ಗುಲಾದ ಮೇಲೆ ಹಿಂದಿನ ಮಗ್ಗುಲಿನ ಜಗಳ ಎತ್ತುವ ಹಾಗಿರಲಿಲ್ಲ. ನಮ್ಮ ಹಿಂದಿನ ಬೀದಿಯ ಇಬ್ಬರು ಅಣ್ಣತಮ್ಮಂದಿರು ಹನ್ನೊಂದು ತಿಂಗಳು ಮುಖ ನೋಡದೆ ಇದ್ದು, ಹನ್ನೆರಡನೆಯ ತಿಂಗಳು ಹೊಳೆ ಎದ್ದ ದಿನ ಒಂದೇ ಬುತ್ತಿಯಲ್ಲಿ ಉಣ್ಣುವುದನ್ನು ನಾನು ಎರಡು ಮೂರು ಸಲ ಕಂಡಿದ್ದೇನೆ. ಒಣಸೇತುವೆಯೂ ಅಂಥದ್ದೇ ಒಂದು ಕತೆ. ಹೊರಗಿನಿಂದ ಬಂದ ಕಂತ್ರಾಟುದಾರನೊಬ್ಬ ಹೊಳೆಯ ಮೇಲೆ ಕಲ್ಲಿನ ಸೇತುವೆ ಕಟ್ಟಿ ಹೋದ. ಮುಂದಿನ ಮಗ್ಗುಲಿಗೆ ಹೊಳೆ ಅರ್ಧ ಮೈಲಿ ಆಚೆ ಹೋಯಿತು. ಆಮೇಲೆ ನಾನು ಹುಟ್ಟಿದ ವರ್ಷ ಒಮ್ಮೆ ಸೇತುವೆಯ ಕೆಳಗೆ ಬಂದಿತ್ತಂತೆ, ಜನ ಸುಮ್ಮನೆ ಆಚೆಗೂ ಈಚೆಗೂ ನಡೆದಾಡಿದರಂತೆ.

ಬಯಲು ಹಂಚುವ ಕ್ರಮ ಪುಟ್ಟೀರಜ್ಜಿಯ ತಲೆಯಲ್ಲಿತ್ತು. ಬರೆದಿಟ್ಟದ್ದಲ್ಲ. ಹೋದ ವರ್ಷ ಎಲ್ಲಕ್ಕಿಂತ ಕೆಟ್ಟ ತುಂಡು ಯಾರ ಪಾಲಿಗೆ ಬಂದಿತ್ತೋ ಅವರು ಈ ವರ್ಷ ಮೊದಲು ಆರಿಸಬೇಕು. ಎಲ್ಲಕ್ಕಿಂತ ಒಳ್ಳೆಯದನ್ನು ಉಂಡವರು ಕೊನೆಗೆ. ಅರವತ್ನಾಲ್ಕು ಮನೆಗಳ ಸರದಿಯನ್ನು ಅಜ್ಜಿ ಕಣ್ಣು ಮುಚ್ಚಿಕೊಂಡು ಕೂಗುತ್ತಿದ್ದಳು. ಬೇಕಾದರೆ ಸರದಿಯನ್ನು ಬಿಟ್ಟುಕೊಡಬಹುದಿತ್ತು. ಹೆಗಲ ಮೇಲಿನ ಟವಲನ್ನು ಇನ್ನೊಬ್ಬರ ಹೆಗಲಿಗೆ ಹಾಕಿದರೆ ಮುಗಿಯಿತು, ಅವರ ಜಾಗಕ್ಕೆ ಇವರು, ಇವರ ಜಾಗಕ್ಕೆ ಅವರು. ಸೊಸೆ ಬಸುರಿ ಎಂದು, ಮನೆಗೆ ನೆಂಟರು ಬಂದಿದ್ದಾರೆ ಎಂದು, ಒಮ್ಮೊಮ್ಮೆ ಪಂದ್ಯದಲ್ಲಿ ಸೋತೆ ಎಂದು ಕೂಡ ಜನ ಹೀಗೆ ಸರದಿ ಹೊದಿಸುತ್ತಿದ್ದರು. ಒಂದು ವರ್ಷದ ಮಾತಲ್ಲವೇ.

ನಾನು ಊರಿನ ಮೊದಲ ಬಿ.ಎ. ಬೋರಲಿಂಗ ನನ್ನ ಹೆಸರನ್ನೇ ಬಿಟ್ಟು 'ಬೀಯೆ' ಎಂದು ಕರೆಯಲು ಶುರುಮಾಡಿದ್ದು ಫಲಿತಾಂಶ ಬಂದ ದಿನದಿಂದ. ಅಪ್ಪ ಇರಲಿಲ್ಲ. ಓದು ಮುಗಿಸಿ ಬಂದವನು ಏನು ಮಾಡಬೇಕೆಂದು ತೋಚದೆ ಎರಡು ವರ್ಷ ದಿನ್ನೆಯ ಅಂಚಿನಲ್ಲಿ ಕೂತು ಹೊಳೆ ನೋಡಿದೆ. ಆಮೇಲೆ ನಲವತ್ತು ಮೈಲಿ ಮೇಲೆ ಅಣೆಕಟ್ಟೆಯ ಕೆಲಸ ಶುರುವಾಗಿ, ಅಲ್ಲಿಯ ಕಚೇರಿಯ ಕಾಗದಗಳನ್ನು ಕನ್ನಡಕ್ಕೆ ಇಳಿಸಲು ಒಬ್ಬರು ಬೇಕಾಗಿ, ನನ್ನನ್ನು ತೆಗೆದುಕೊಂಡರು. ವರದರಾಯರೆಂಬ ಅಧಿಕಾರಿ, ಒಳ್ಳೆಯ ಮನುಷ್ಯ, ನನಗೆ ದಿನಾ ಕಾಫಿ ತರಿಸುತ್ತಿದ್ದರು. ಒಂದು ದಿನ ಅವರು ಕೊಟ್ಟ ನೋಟೀಸು ನಮ್ಮೂರಿನದೇ ಆಗಿತ್ತು. ಈ ಮಳೆಗಾಲ ಮುಗಿದ ಮೇಲೆ ಅಣೆಕಟ್ಟೆಯ ಬಾಗಿಲುಗಳನ್ನು ಇಳಿಸಲಾಗುವುದು. ಅಲ್ಲಿಂದ ಮುಂದೆ ಹೊಳೆ ತಾನಿರುವ ಪಾತ್ರದಲ್ಲಿಯೇ ಹರಿಯುವುದು. ಒಂದನೇ ತಾರೀಖಿನಿಂದ ಅಳತೆ ನಡೆಯುವುದು. ಅಂದು ಯಾವ ಭೂಮಿ ಯಾರ ಸ್ವಾಧೀನದಲ್ಲಿದೆಯೋ ಅದು ಅವರ ಹೆಸರಿಗೆ ಕಾಯಂ ಆಗುವುದು.

"ಒಂದನೇ ತಾರೀಖು ನೀವೇ ಹೋಗಿ ಅಂಟಿಸಿ. ಅದಕ್ಕೆ ಮುಂಚೆ ಬೇಡ. ಸುಮ್ನೆ ಗಲಾಟೆ ಆಗುತ್ತೆ," ಎಂದರು ವರದರಾಯರು.

ಅದನ್ನು ಕನ್ನಡಕ್ಕೆ ಇಳಿಸುವಾಗ 'ಕಾಯಂ' ಎಂಬ ಪದ ಬರೆದು ನಾನು ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಹೊಳೆ ಎದ್ದದ್ದು ಒಂದನೇ ತಾರೀಖಿಗೆ ಐದು ದಿನ ಮುಂಚೆ. ನೋಟೀಸು ನನ್ನ ಕೈಗೆ ಬಂದದ್ದು ಹೊಳೆ ಏಳುವುದಕ್ಕೆ ಹನ್ನೊಂದು ದಿನ ಮುಂಚೆ. ಆ ಹನ್ನೊಂದು ದಿನಗಳಲ್ಲೇ ಒಂದು ಸಂಜೆ ನಾನು ಬೋರಲಿಂಗನ ಜೊತೆ ಸೇತುವೆಯ ಮೇಲೆ ಕೂತದ್ದು. ಹಿಂದಿನ ವರ್ಷ ಅವನ ಪಾಲಿಗೆ ಬಂದದ್ದು ಮರಳುದಿಬ್ಬ. ಈ ಸಲ ಮೊದಲ ಸರದಿ ಅವನದೆಂದು ಊರಿಗೆಲ್ಲ ಗೊತ್ತಿತ್ತು. ನಮ್ಮದು ಅರವತ್ತೊಂದನೆಯದು.

ಆ ದಿನ ಹೊಳೆ ಪಶ್ಚಿಮದ ಗುಡ್ಡದ ಬುಡದಿಂದ ಎದ್ದು ದಿನ್ನೆಯ ಹತ್ತಿರಕ್ಕೇ ಬಂದು ಮಲಗಿತು. ಪುಟ್ಟೀರಜ್ಜಿ ಕೆಸರಿನಲ್ಲಿ ಕೋಲೂರಿ ನಿಂತು "ಬೋರಲಿಂಗ" ಎಂದು ಕೂಗಿದಾಗ ಅವನು ಮುಂದೆ ಬರುವ ಬದಲು ಹಿಂದಕ್ಕೆ ನಡೆದು, ನನ್ನ ಅವ್ವನ ಹೆಗಲ ಮೇಲೆ ಟವಲು ಹಾಕಿದ.

"ಬ್ಯಾಡ ಕಣಪ್ಪ," ಎಂದಳು ಅವ್ವ ಗಾಬರಿಯಾಗಿ. "ಹೋದ್ವರ್ಸವೂ ಮರಳೇ ತಿಂದಿದ್ದೀಯ."

"ಮಳ್ಳಲ್ಲಿ ಕಲ್ಲಂಗಡಿ ಚೆಂದಾಗಿ ಬತ್ತದೆ ಕಣವ್ವ. ನೀನು ಮನೆತಾವ್ಲೇ ಒಂದು ತುಂಡು ತಗಾ, ಮಂಡಿ ಇಟ್ಕಂಡು ಅಷ್ಟು ದೂರ ಯಾಕೆ ಕುಂಟ್ತೀಯ?"

"ಬಂದ ನೋಡು ಧರ್ಮಪ್ರಭು!" ಎಂದು ಅವನ ಹೆಂಡತಿ ಚೆಲುವಿ ಹಿಂದಿನಿಂದ ಕೂಗಿದಳು. "ಎರಡು ಹೆಣ್ಣುಮಕ್ಳಿಗೆ ವರ್ಸೆಲ್ಲಾ ಕಲ್ಲಂಗಡಿ ಬೀಜ ಬೇಯ್ಸಿ ಇಕ್ಕನಾ?"

"ಒಂದೊರ್ಸ ತಡ್ಕಳೇ. ಮುಂದಿನ ಸಲ ಮೊದಲ್ನೇ ಸರದಿ ಎಲ್ಲೋಗ್ತದೆ? ಆಗ ಅರಮನೆ ಕಟ್ಸಿಕೊಡ್ತೀನಿ."

ಜನ ನಕ್ಕರು. ಚೆಲುವಿಯೂ ನಕ್ಕಳು. ಅವ್ವ ನನ್ನ ಕಡೆ ನೋಡಿ, ನೀನೇ ಆರಿಸಪ್ಪ ಎಂದಳು. ಆಗ ನಾನು ಬಾಯಿ ಬಿಡಬಹುದಿತ್ತು. ನೋಟೀಸು ಕಚೇರಿಯದು, ಹೇಳಿದರೆ ಕೆಲಸ ಹೋಗುತ್ತದೆ, ಐದು ದಿನದಲ್ಲಿ ಹೇಗೂ ಗೊತ್ತಾಗುತ್ತದೆ ಎಂದೆಲ್ಲ ತಲೆಯಲ್ಲಿ ಓಡುತ್ತಿತ್ತು. ಓಡುತ್ತಿದ್ದಂತೆಯೇ ಕಾಲು ಮಾತ್ರ ತನ್ನ ಪಾಡಿಗೆ ಹೊಲ ಹುಡುಕುತ್ತಿತ್ತು. ಮಣ್ಣನ್ನು ಹಿಮ್ಮಡಿಯಿಂದ ಒತ್ತಿ ನೋಡಿದೆ. ದಂಡೆ ಕುಸಿದರೂ ತಾಗದಷ್ಟು ದೂರ, ನೀರು ಎತ್ತಲು ಕಷ್ಟವಾಗದಷ್ಟು ಹತ್ತಿರ. ದಿನ್ನೆಯ ನೆರಳು ಎಷ್ಟು ಹೊತ್ತು ಬೀಳುತ್ತದೆ ಎಂದು ಸೂರ್ಯನನ್ನೂ ನೋಡಿದೆ. ಒಂದು ವರ್ಷಕ್ಕೆ ಆರಿಸುವವರು ಹಾಗೆ ನೋಡುವುದಿಲ್ಲ. ಕಪ್ಪು ಕಂಡಲ್ಲಿ ಒಂದು ಜೊಂಡು ನೆಟ್ಟು ಬರುತ್ತಾರೆ.

"ಏನಪ್ಪ, ಹೆಣ್ಣು ನೋಡ್ದಂಗೆ ನೋಡ್ತಿದ್ದೀಯ?" ಎಂದಳು ಪುಟ್ಟೀರಜ್ಜಿ. ಮತ್ತೆ ನಗು.

ಸಂಜೆಯ ಹೊತ್ತಿಗೆ ಅರವತ್ತೊಂದನೆಯ ಸರದಿ ಬಂದಾಗ ಉಳಿದಿದ್ದದ್ದು ನಾಲ್ಕು ತುಂಡು. ಕಲ್ಲು ತುಂಬಿದ ಮೂರು, ಇನ್ನೊಂದು ಮರಳುದಿಬ್ಬ. ಬೋರಲಿಂಗ ಓಡಿಹೋಗಿ ದಿಬ್ಬದ ಮೇಲೆ ನಿಂತು, ಹಳೆಯ ನೆಂಟನನ್ನು ಕಂಡವನಂತೆ ಕೈಮುಗಿದ.

ಒಂದನೇ ತಾರೀಖು ನಾನು ಗೋಂದಿನ ಡಬ್ಬಿ ಹಿಡಿದು ನೋಟೀಸು ಅಂಟಿಸಿ, ಓದಿ ಹೇಳಿದೆ. ಯಾರೋ ಕೇಳಿದರು: "ಕಾಯಂ ಅಂದ್ರೆ ಎಷ್ಟು ದಿನ?"

"ಯಾವಾಗಲೂ," ಎಂದೆ.

"ಯಾವಾಗ್ಲೂ ಅಂದ್ರೆ ಮುಂದಿನ ಮಗ್ಗುಲವರೆಗೆ ತಾನೆ?"

"ಇನ್ನು ಮಗ್ಗುಲು ಇಲ್ಲ."

ಅವರು ಒಬ್ಬರ ಮುಖ ಒಬ್ಬರು ನೋಡಿ, ಹುಡುಗನಿಗೆ ಓದಿ ಓದಿ ಹೀಗಾಗಿದೆ ಎಂಬಂತೆ ತಲೆಯಾಡಿಸಿ ಚದುರಿದರು. ಅಳತೆಯವರು ಸರಪಳಿ, ಕಲ್ಲುಗಳೊಂದಿಗೆ ಬಂದಾಗ ಊರವರೇ ಖುಷಿಯಿಂದ ಕಲ್ಲು ಹೊತ್ತರು. ಗುಂಡಿ ತೋಡುವ ಕೂಲಿಗೆ ಬೋರಲಿಂಗನೂ ಹೋದ. ನಮ್ಮ ಹೊಲದ ನಾಲ್ಕು ಮೂಲೆಗೂ ಕಲ್ಲು ನಿಲ್ಲಿಸಿ ಮಣ್ಣು ತುಳಿದವನು ಅವನೇ. "ಗಟ್ಟಿಯಾಗಿ ನಿಲ್ಸಿದ್ದೀನಿ ಕಣ್ಲಾ ಬೀಯೆ. ಹೊಳೆ ಬಂದಾಗ ಇದಕ್ಕೇ ಬೆನ್ನು ಉಜ್ಕಂಡು ಹೋಗ್ಲಿ," ಎಂದ. ನಾನು ಅವನಿಗೆ ನೀರು ತಂದುಕೊಟ್ಟೆ.

ಮುಂದಿನ ವರ್ಷ ಮಳೆ ಚೆನ್ನಾಗಿಯೇ ಆಯಿತು. ನೀರಿನ ಕೆಂಪು ತಿಳಿಯಾಯಿತು. ಒಂದು ಬೆಳಗ್ಗೆ ಹೊಳೆಯ ಸದ್ದು ತಗ್ಗಿದಂತಾಗಿ, ಜನ ಬುತ್ತಿ ಕಟ್ಟಿಕೊಂಡು ದಿನ್ನೆಯ ಅಂಚಿಗೆ ಬಂದರು. ನಾನೂ ಹೋದೆ, ಅವ್ವನನ್ನು ಕೈಹಿಡಿದು ಕರೆದುಕೊಂಡು. ಮಧ್ಯಾಹ್ನವಾಯಿತು. ಹೊಳೆ ಇದ್ದಲ್ಲಿಯೇ ಇತ್ತು. ಬುತ್ತಿ ಬಿಚ್ಚಬೇಕೋ ಬೇಡವೋ ಎಂದು ಹೆಂಗಸರು ಪುಟ್ಟೀರಜ್ಜಿಯ ಮುಖ ನೋಡಿದರು. ಹೊಳೆ ಎದ್ದ ಮೇಲೇ ಉಣ್ಣುವುದು ಪದ್ಧತಿ. ಮಕ್ಕಳು ಅತ್ತವು. ಬಿಸಿಲು ಇಳಿಯಿತು. ಎರಡನೆಯ ದಿನವೂ ಬಂದರು, ಮೂರನೆಯ ದಿನವೂ ಬಂದರು. ನಾಯಿಗಳು ಮಾತ್ರ ಮೂರು ದಿನವೂ ಕೆಳಗೆ ಬಯಲಿನಲ್ಲಿಯೇ ಅಡ್ಡಾಡುತ್ತಿದ್ದವು, ಒಂದೂ ಮೇಲೆ ಹತ್ತಲಿಲ್ಲ. ಅದನ್ನು ಎಲ್ಲರೂ ಕಂಡಿದ್ದರು, ಯಾರೂ ಆಡಲಿಲ್ಲ.

ನಾಲ್ಕನೆಯ ದಿನ ಬೋರಲಿಂಗ ಒಬ್ಬನೇ ಕೆಳಗಿಳಿದು ಹೋದ. ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಜ್ವರ ಬಂದವರ ಹಣೆ ಮುಟ್ಟುವಂತೆ ಅಂಗೈಯನ್ನು ನೀರಿನ ಮೇಲಿಟ್ಟ. ತಿರುಗಿ ಬಂದವನು ಯಾವ ತಮಾಷೆಯನ್ನೂ ಮಾಡಲಿಲ್ಲ. "ತಣ್ಣಗದೆ," ಎಂದ ಅಷ್ಟೇ.

ಆ ವಾರವೇ ಸೇತುವೆಯ ಕಮಾನಿನ ಕೆಳಗೆ ಊರು ಸೇರಿತು. ಮಾತೆತ್ತಿದವನು ಬೋರಲಿಂಗ.

"ಹೊಳೆ ಮಗ್ಗುಲಾಗ್ದಿದ್ರೆ ಬ್ಯಾಡ, ನಾವಾಗಾನ. ಕಲ್ಲು ಅದರ ಪಾಡಿಗೆ ಇರ್ಲಿ. ಕಾಗದದಲ್ಲಿ ಏನಾರ ಬರ್ಕಳ್ಲಿ. ವರ್ಸಕ್ಕೊಂದು ದಿನ ಅಜ್ಜಿ ಸರದಿ ಕೂಗ್ಲಿ, ಒಬ್ರ ತುಂಡಿಗೆ ಒಬ್ರು ಹೋಗಾನ. ನಮ್ಮ ಕಾಲು ಹೊಳೆನೇ ಹಿಡ್ಕಂಡಿದ್ದಾ? ನಡೆಯೋದು ನಾವು ತಾನೆ?"

ಕೆಲವರು ಆಗಲೇ ತಮ್ಮ ಕಲ್ಲುಗಳ ಸುತ್ತ ಮುಳ್ಳು ಎಳೆದಿದ್ದರು. ನಮ್ಮ ಹೊಲದಲ್ಲಿ ಅವ್ವ ಒಂದು ನುಗ್ಗೆಕೊಂಬೆ ಊರಿದ್ದಳು, ಬಯಲಿನಲ್ಲಿ ಬೇರು ಬಿಟ್ಟ ಮೊದಲ ಮರ ಅದು. ಅದನ್ನು ನೋಡಲು ಬೇರೆ ಬೀದಿಯವರು ಬರುತ್ತಿದ್ದರು. ಹಾಗಿದ್ದರೂ ಎದುರು ಮಾತಾಡಲು ಎಲ್ಲರಿಗೂ ನಾಚಿಕೆ.

ಊರಿನ ಮಾತು ನಡೆಯಬೇಕಾದರೆ ಅರವತ್ನಾಲ್ಕು ಮನೆಗಳೂ 'ಹೂಂ' ಎನ್ನಬೇಕಿತ್ತು. ಮನೆಗೊಬ್ಬರು, ಆ ಸಲದ ಹೊಲ ಆರಿಸಿದವರು ಯಾರೋ ಅವರು. ಅಜ್ಜಿ ಸರದಿಯ ಕ್ರಮದಲ್ಲಿಯೇ ಕೂಗತೊಡಗಿದಳು. ಮೊದಲು ಮರಳಿನವರು, ಕಲ್ಲಿನವರು. ಅವರ 'ಹೂಂ' ಥಟ್ಟನೆ ಬಂತು. ಇಪ್ಪತ್ತು ದಾಟಿದ ಮೇಲೆ ಸ್ವಲ್ಪ ತಡವಾಗಿ ಬರತೊಡಗಿತು. ನಲವತ್ತು ದಾಟಿದ ಮೇಲೆ ನೆಲ ನೋಡಿಕೊಂಡು, ಗಂಟಲು ಕೆರೆದುಕೊಂಡು. ಹಿಂದಿನ ಬೀದಿಯ ಅಣ್ಣ ತಮ್ಮನ ಕಡೆ ತಿರುಗಿ, ತಮ್ಮನು ತನ್ನ ಹೆಂಡತಿಯ ಕಡೆ ತಿರುಗಿ, ಇಬ್ಬರೂ ಕೊನೆಗೆ "ಹೂಂ" ಎಂದರು. ಮುಳ್ಳು ಹಾಕಿದವರೂ "ಹೂಂ" ಎಂದರು. ಅರವತ್ಮೂರು ಮನೆಗಳು ಹೂಂ ಅಂದದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ. ಕೊನೆಯದು ನಮ್ಮ ಮನೆ.

ಅಜ್ಜಿ ನನ್ನ ಹೆಸರು ಕೂಗಿದಳು. ಅವ್ವ ನನ್ನ ಪಕ್ಕದಲ್ಲಿದ್ದಳು. ಅವಳು ನನ್ನನ್ನು ನೋಡಲಿಲ್ಲ, ತನ್ನ ಮಂಡಿಯನ್ನು ನೋಡುತ್ತಿದ್ದಳು.

ನಾನು ಎದ್ದು ನಿಂತೆ. ನಿಂತದ್ದೇ ತಪ್ಪು, ಹೂಂ ಎನ್ನಲು ಯಾರೂ ನಿಂತಿರಲಿಲ್ಲ. ದಾಖಲೆಯಲ್ಲಿ ಒಬ್ಬರ ಹೆಸರು, ಸ್ವಾಧೀನದಲ್ಲಿ ಇನ್ನೊಬ್ಬರು ಇದ್ದರೆ ಮುಂದೆ ತೊಡಕಾಗುತ್ತದೆ ಎಂದೆ. ನೀರಿನ ಹಕ್ಕು ಹೆಸರಿದ್ದವರಿಗೆ ಮಾತ್ರ ಎಂದೆ. ನಾಳೆ ಸರ್ಕಾರ ಕೇಳಿದರೆ ಯಾರು ಉತ್ತರ ಕೊಡುತ್ತಾರೆ ಎಂದೂ ಕೇಳಿದೆ. ನಾನು ಆಡಿದ್ದೆಲ್ಲ ಕಚೇರಿಯಲ್ಲಿ ನಾನೇ ಬರೆದ ಮಾತುಗಳು, ಒಂದೊಂದೂ ನಿಜ. ಮಾತು ಮುಗಿದ ಮೇಲೂ ಅಜ್ಜಿ ಕೋಲು ಹಿಡಿದುಕೊಂಡು ಕಾಯುತ್ತಿದ್ದಳು. ಅವಳಿಗೆ ಬೇಕಾದದ್ದು ನಾನು ಹೇಳಿದ್ದರಲ್ಲಿ ಇನ್ನೂ ಬಂದಿರಲಿಲ್ಲ.

"ಹಂಗಾರೆ ಬ್ಯಾಡ ಬುಡಿ," ಎಂದರು ಯಾರೋ ಹಿಂದಿನಿಂದ. "ಓದ್ದೋನು ಹೇಳ್ತಾವ್ನೆ," ಎಂದರು ಇನ್ನೊಬ್ಬರು. ಆ ಅರವತ್ಮೂರರಲ್ಲಿ ಬಹಳಷ್ಟು ಹೂಂಗಳು ಕಣ್ಣೆದುರಿಗೇ ಹಿಂದಕ್ಕೆ ಹೋದವು. ಅವರ ಮುಖಗಳಲ್ಲಿದ್ದ ನೆಮ್ಮದಿಯನ್ನು ನಾನು ಮರೆತಿಲ್ಲ. ಊರಿನವರು ನನ್ನನ್ನು ಬಹುವಚನದಲ್ಲಿ ಕರೆಯತೊಡಗಿದ್ದು ಅಂದಿನಿಂದ.

ಕಲ್ಲಿನ ತುಂಡಿನವರು ನನ್ನ ಸುತ್ತ ಗದ್ದಲ ಎಬ್ಬಿಸುತ್ತಿದ್ದಾಗ ಬೋರಲಿಂಗ ಎದ್ದು, "ತಡೀರಪ್ಪ, ಅವನ್ನ ಯಾಕೆ ಮುತ್ಕತೀರಾ? ಓದಿರೋ ತಲೆ, ನಾಕು ದಿಕ್ಕಿಗೂ ಯೋಚ್ನೆ ಮಾಡ್ತದೆ. ಹೇಳ್ತಾನೆ ಬುಡಿ, ಇವತ್ತಲ್ದಿದ್ರೆ ನಾಳೆ," ಎಂದ. ಹಾಗೆಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ ಕೂಡ.

ಮನೆಗೆ ಬಂದ ಮೇಲೆ ಅವ್ವ ಒಲೆ ಹಚ್ಚಲಿಲ್ಲ. "ಹೋದ್ವರ್ಸ ಸರದಿ ಹೊದಿಸಿದ್ದು ನನ್ನ ಹೆಗಲಿಗೆ," ಎಂದಳು. "ಮಾತಾಡೋದು ಮಾತ್ರ ನಿನ್ನ ಬಾಯಿಗೆ ಬಿತ್ತು." ಅವಳು ಆ ನಂತರ ಹೊಲಕ್ಕೆ ಹೋಗುವುದನ್ನು ನಿಲ್ಲಿಸಿದಳು, ಮಂಡಿಯ ನೆಪ ಹೇಳಿ. ನಾಲ್ಕು ವರ್ಷದ ಮೇಲೆ ತೀರಿಕೊಂಡಳು. ಆ ನುಗ್ಗೆಯ ಒಂದು ಕಾಯಿಯನ್ನೂ ಅವಳು ತಿನ್ನಲಿಲ್ಲ.

ಹೊಳೆ ಮಲಗಿದ್ದಲ್ಲಿಯೇ ಬದುಕಲು ಕಲಿಯಿತು. ಮೊದಲ ವರ್ಷ ಅದಕ್ಕೆ ಎರಡೂ ಕಡೆ ಕಲ್ಲು ಕಟ್ಟಿದರು, ಆಮೇಲೆ ಸಿಮೆಂಟಿನ ಮೆಟ್ಟಿಲು ಇಳಿಸಿದರು. ಹೊಸ ಸೇತುವೆ ಬಂತು, ಅದರ ಮೇಲೆ ಬಸ್ಸು ಬಂತು, ಸೇತುವೆಯ ಈ ತುದಿಯಲ್ಲಿ ಎರಡು ಹೋಟೆಲು, ಒಂದು ಗೊಬ್ಬರದಂಗಡಿ. ನೀರು ಈಗ ಮೇಲಿನವರು ಬಿಟ್ಟಾಗ ಬರುತ್ತಿತ್ತು. ಸೈರನ್ ಕೂಗಿದರೆ, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು ಎದ್ದು ಎರಡು ಮೆಟ್ಟಿಲು ಮೇಲೆ ಹೋಗಿ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ನೀರು ಬಂದು ಮೊದಲಿನ ಮೆಟ್ಟಿಲನ್ನು ಮುಚ್ಚುತ್ತಿತ್ತು. ಕನ್ನಡಿಯಂಥ ನೀರು. ಕಪ್ಪು ಮಣ್ಣೆಲ್ಲ ಮೇಲೆ, ಕಟ್ಟೆಯ ಹಿಂದೆ ಉಳಿಯುತ್ತಿತ್ತು. ಮೀನುಗಳಲ್ಲಿ ನಾಲ್ಕೈದು ಜಾತಿ ಬರುವುದೇ ನಿಂತುಹೋಯಿತು, ಅವುಗಳ ಹೆಸರುಗಳು ಪುಟ್ಟೀರಜ್ಜಿಯ ಜೊತೆಗೇ ಹೋದವು. ಹಿಂದಿನ ಬೀದಿಯ ಅಣ್ಣತಮ್ಮಂದಿರು ಒಂದು ಮೊಳ ಬದುವಿಗಾಗಿ ಬಿಟ್ಟ ಮಾತು ಏಳು ವರ್ಷವಾದರೂ ಕೂಡಲಿಲ್ಲ. ಕೂಡುವ ದಿನ ಯಾವುದೆಂದು ಅವರಿಗೆ ತಿಳಿದಿರಲಿಲ್ಲ, ಪಾಪ. ನನ್ನ ಹೊಲ ಮೂರು ವರ್ಷ ಬಂಗಾರದಂತೆ ಬೆಳೆಯಿತು, ನಾಲ್ಕನೆಯ ವರ್ಷ ಹೆಂಟೆ ಗಟ್ಟಿಯಾಯಿತು, ಈಗ ಗೊಬ್ಬರದ ಚೀಲವಿಲ್ಲದೆ ಅದು ಏನನ್ನೂ ಕೊಡುವುದಿಲ್ಲ. ಆದರೂ ಊರಿನಲ್ಲಿ ಒಳ್ಳೆಯ ಹೊಲ ಎಂದರೆ ಅದೇ.

ಬೋರಲಿಂಗ ಮರಳಿನಲ್ಲಿ ಕಲ್ಲಂಗಡಿ ಹಾಕಿದ, ಕಡಲೆಕಾಯಿ ಹಾಕಿದ. ದೊಡ್ಡ ಮಗಳ ಮದುವೆಯಾಯಿತು, ಚಿಕ್ಕವಳು ಗೊಬ್ಬರದಂಗಡಿಯಲ್ಲಿ ಚೀಟಿ ಬರೆಯುತ್ತಿದ್ದಳು. ಅವನು ಬೇರೆಯವರ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದ, ನನ್ನದರಲ್ಲೂ ಸಹ. ನನ್ನನ್ನು ಏಕವಚನದಲ್ಲಿ ಕರೆಯುತ್ತ ಉಳಿದವನು ಅವನೊಬ್ಬನೇ.

ಒಂಬತ್ತನೆಯ ವರ್ಷ, ಒಂದು ಇಳಿಸಂಜೆ, ಅವನು ಸಿಮೆಂಟಿನ ಮೆಟ್ಟಿಲ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ.

"ಲಾರಿಯೋರು ಬಂದಿದ್ರು ಕಣ್ಲಾ," ಎಂದ. "ನನ್ನ ದಿಬ್ಬ ಬೇಕಂತೆ. ಪ್ಯಾಟೆಲಿ ಮನೆ ಕಟ್ಟಕ್ಕೆ. ಹೊಲ ಕೊಳ್ಳಲ್ವಂತೆ, ಹೊಲದೊಳಗಿರೋದನ್ನ ಮಾತ್ರ ತಗಂಡು ಹೋಗ್ತಾರಂತೆ. ತೆಗದ್ಮೇಲೆ ಏನುಳೀತದೆ ಅಂತ ಕೇಳ್ದೆ. ಗುಂಡಿ ಅಂದ್ರು. ಸತ್ಯವಂತ್ರು."

"ಕೊಡ್ತೀಯಾ?"

"ಮನಸ್ಸಿಲ್ಲ. ಮಳ್ಳೇ ಆಗ್ಲಿ, ಕಾಲಿಟ್ರೆ ನಿಲ್ಲಕ್ಕೆ ಒಂದು ನೆಲ. ಆದ್ರೆ ಈ ಸಲ ಕಡ್ಲೆನೂ ಹೋಯ್ತು."

ಆಗ ನನಗೆ ಏನಾಯಿತೋ ಗೊತ್ತಿಲ್ಲ. ಒಂಬತ್ತು ವರ್ಷ ಒಳಗಿದ್ದದ್ದು ಯಾವ ಪ್ರಯತ್ನವೂ ಇಲ್ಲದೆ ಹೊರಗೆ ಬಂತು. ಅವನು ಸರದಿ ಬಿಟ್ಟುಕೊಟ್ಟ ದಿನವೇ ನನಗೆ ಎಲ್ಲ ಗೊತ್ತಿತ್ತು ಎಂದೆ. ನೋಟೀಸು ನನ್ನ ಪೆಟ್ಟಿಗೆಯಲ್ಲಿತ್ತು, ಅದೇ ಕೊನೆಯ ಮಗ್ಗುಲು ಎಂದು ತಿಳಿದೇ ಹೊಲ ಆರಿಸಿದೆ ಎಂದೆ. ಅವನ ಮುಖ ನೋಡದೆ, ನೀರು ನೋಡಿಕೊಂಡು ಹೇಳಿದೆ.

ಅವನು ಬೀಡಿಯ ಬೂದಿ ಕೊಡವಿದ.

"ಎಷ್ಟು ದಿನ ಮುಂಚೆ?"

"ಹನ್ನೊಂದು ದಿನ."

"ಹನ್ನೊಂದು ದಿನ. ಆಮೇಲೆ ಒಂಬತ್ತು ವರ್ಸ." ಅವನು ತಲೆಯಾಡಿಸಿದ. "ಅಯ್ಯೋ ಬೀಯೆ, ಯಾವ ಬಸುರಿಯೂ ಇಷ್ಟು ದಿನ ಹೊರಲ್ಲ ಕಣ್ಲಾ. ಹೆಂಗ್ಲಾ ಹೊತ್ಕಂಡಿದ್ದೆ?"

ಅವನು ನಕ್ಕ. ನಿಜವಾಗಿ ನಕ್ಕ. ನನಗೂ ನಗು ಬಂತು, ನಗುತ್ತಲೇ ಕಣ್ಣು ಒದ್ದೆಯಾಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಲ್ಲ ಮುಗಿಯಿತು, ಇಷ್ಟು ಸುಲಭವಿತ್ತು, ಮೊದಲೇ ಹೇಳಬಹುದಿತ್ತು ಎಂದುಕೊಂಡೆ. ಅವನ ಕೈಯಿಂದ ಬೀಡಿ ತೆಗೆದುಕೊಂಡು, ಎಂದೂ ಸೇದದವನು, ಒಂದು ದಮ್ಮು ಎಳೆದು ಕೆಮ್ಮಿದೆ. ಅವನು ನನ್ನ ಬೆನ್ನು ತಟ್ಟಿದ.

"ಸರಿ, ಆಗಿದ್ದು ಆಯ್ತು," ಎಂದ ಕೆಮ್ಮು ನಿಂತ ಮೇಲೆ. "ನಾನೊಂದು ಕೇಳ್ತೀನಿ. ಊರೋರು ಬ್ಯಾಡ, ಕಾಗದ ಬ್ಯಾಡ. ನಮ್ಮಿಬ್ರುದೇ. ಒಂದೊರ್ಸ ನಿನ್ನ ಹೊಲ ನಾನು ಉಳ್ತೀನಿ, ನನ್ನ ದಿಬ್ಬ ನೀನು ಮಾಡು. ನಿಂಗೆ ಸಂಬಳ ಅದೆ, ಒಂದೊರ್ಸ ಮಳ್ಳು ತಿಂದ್ರೆ ಸಾಯಲ್ಲ. ಒಂದು ಬೆಳೆ ಕೈಗೆ ಬಂದ್ರೆ ಲಾರಿಯೋರ್ನ ವಾಪಸ್ ಕಳಿಸ್ತೀನಿ. ಮುಂದಿನ ವರ್ಸ ನಿಂದು ನಿಂಗೆ, ನಂದು ನಂಗೆ. ಏನಂತೀಯಾ?"

ಕೇಳುವಾಗ ಅವನು ನನ್ನ ಕಡೆ ನೋಡಲಿಲ್ಲ. ನನಗೆ ಸುಲಭವಾಗಲಿ ಎಂದು ಎದುರು ದಡ ನೋಡುತ್ತಿದ್ದ.

ಆಗಷ್ಟೇ ಹೊಲಕ್ಕೆ ನಾಲ್ಕು ಚೀಲ ಗೊಬ್ಬರ ಹಾಕಿಸಿದ್ದು ನೆನಪಾಯಿತು. ನುಗ್ಗೆಯ ಜೊತೆಗೆ ಸಾಲಾಗಿ ನೆಟ್ಟ ಸಪೋಟ ಗಿಡಗಳಿಗೆ ಅದು ಮೂರನೆಯ ವರ್ಷ, ಹೂವು ಕಚ್ಚಿದ್ದವು. ಒಂದು ವರ್ಷ ಎಂದವನು ಮುಂದಿನ ವರ್ಷ ಬಿಟ್ಟುಕೊಡದಿದ್ದರೆ ಎಂಬ ಯೋಚನೆಯೂ ಬಂತು. ಬೋರಲಿಂಗನ ಬಗ್ಗೆ ಹಾಗೆ ಯೋಚಿಸಿದವನು ನಾನು. ಮೇಲಿನಿಂದ ಸೈರನ್ ಕೂಗಿತು. ಬಟ್ಟೆ ಒಗೆಯುತ್ತಿದ್ದವರು ಎದ್ದರು, ನಾವೂ ಎದ್ದು ಎರಡು ಮೆಟ್ಟಿಲು ಮೇಲೆ ಹೋಗಿ ಕೂತೆವು. ನೀರು ಬಂದು ನಾವು ಕೂತಿದ್ದ ಕಲ್ಲನ್ನು ಮುಚ್ಚಿತು. ಅವನು ಅಷ್ಟು ಹೊತ್ತೂ ಕಾದ.

ಆಮೇಲೆ ಮಂಡಿಗೆ ಕೈಯೂರಿ ಎದ್ದ. "ಬತ್ತೀನಿ ಕಣ್ಲಾ," ಎಂದ. "ಚೆಲುವಿ ಕಾಯ್ತಿರ್ತಾಳೆ."

ಲಾರಿಗಳು ಸೋಮವಾರ ಬಂದವು. ಒಂದು ಬೇಸಿಗೆಯಲ್ಲಿ ದಿಬ್ಬ ಹೋಯಿತು. ಈಗ ಅಲ್ಲಿ ನಾಲ್ಕು ಕಲ್ಲುಗಳ ನಡುವೆ ಹಸಿರು ನೀರು ನಿಂತ ಗುಂಡಿಯಿದೆ. ಬೋರಲಿಂಗನಿಗೆ ಹೊಸ ಸೇತುವೆಯ ಗೇಟು ಕಾಯುವ ಕೆಲಸ ಸಿಕ್ಕಿದೆ. ನಾನು ದಿನಾ ಅದೇ ದಾರಿಯಲ್ಲಿ ಕಚೇರಿಗೆ ಹೋಗುತ್ತೇನೆ; ಅವನು ಕೈಯೆತ್ತಿ "ಏನ್ಲಾ ಬೀಯೆ" ಎನ್ನುತ್ತಾನೆ; ನಾನು ಮಳೆಯ ಬಗ್ಗೆಯೋ ಬಸ್ಸಿನ ಬಗ್ಗೆಯೋ ಏನಾದರೊಂದು ಹೇಳುತ್ತೇನೆ. ನೋಟೀಸಿನ ವಿಷಯ ನಾನು ಅವನಿಗೆ ಹೇಳಿದ್ದೆ, ಅದು ನಿಜ. ಅವನು ಕೇಳಿದ್ದಕ್ಕೆ ಹೂಂ ಎಂದು ಮಾತ್ರ ನಾನು ಎಂದೂ ಹೇಳಲಿಲ್ಲ.